ಗೋಡೆಗೆ ಹೋದ ಮೂರು, ನಾಲ್ಕು

ಮಾರ್ಚ್ 2, ಬೆಳಿಗ್ಗೆ

ಗಾರೆ ಕೆಲಸಕ್ಕೆ ಹೊರಡುವ ಮೊದಲು ಮತ್ತೆ ಪಾಠ. ನಮ್ಮ ಮನೆಯಲ್ಲಿದ್ದು ಓದುವ ಅಣ್ಣನ ಮಗಳದು. ಪಿಎಚ್‌ಡಿ ವೈವಾ ಹತ್ತಿರ ಬಂತು. ಕಳೆದ ಸಲ ವಾಪಸ್ ಕಳಿಸಿದ್ದರು. ಈ ಸಲವೂ ಆಗದಿದ್ದರೆ ಓದು ಬಿಟ್ಟು ಬಾ ಅಂದಿದ್ದಾನೆ ಅಣ್ಣ. ಹಾಗಾಗಿ ನನ್ನ ಮುಂದೆ ರಿಹರ್ಸಲ್. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೇ ಕ್ಲಾಸು. ತಲೆ ಮಾತ್ರ ಅದಕ್ಕಿಂತ ಬಹಳ ಮುಂದೆ ಹೋಗಿದೆ.

ವಿಷಯ ಇಷ್ಟು. ಕಣಗಳು ಗೋಡೆಗೆ ಹೋಗುತ್ತವೆ, ತಿರುಗಿ ಬರುತ್ತವೆ. ಹೋಗುವವುಗಳ ಚಾರ್ಜ್ ಮೂರು, ನಾಲ್ಕು. ಬರುವವು ಐದು, ಸೊನ್ನೆ. ಅನಾಮಲಿ ಅಂತ ಒಂದು ಭೂತವಿದೆಯಂತೆ. ಅದು ಉಳಿದರೆ ಸಿಮೆಟ್ರಿ, ಅಂದರೆ ಚಾರ್ಜಿನ ಲೆಕ್ಕ, ಕೆಡದ ಗೋಡೆ ಕಟ್ಟಲಾಗದು.

"ಮೂರೂ ನಾಲ್ಕೂ ಏಳು ಕಣೆ! ಬಂದಿದ್ದು ಐದೇ. ಥೀಸಿಸ್ಸೇ ತಪ್ಪು!"

"ಭೂತದ ಲೆಕ್ಕ ಚಾರ್ಜಿನ ವರ್ಗದ್ದು ಚಿಕ್ಕಪ್ಪ, ಮೂರ್ ಮೂರ್ಲಿ ಒಂಬತ್ತು. ಎರಡೂ ಕಡೆ ಸಮ ಆದ್ರೆ ಅದು ಓಡಿಹೋಗತ್ತೆ."

ಒಂಬತ್ತು, ಹದಿನಾರು... ಇಪ್ಪತ್ತೈದು. ಅರೆ! ಗೋಡೆ ಮೂಲೆ ನೇರ ಕೂರಿಸೋಕೆ ನಾವು ಹಿಡಿಯೋ ಮೂರು-ನಾಲ್ಕು-ಐದರ ಮೂಲೆಮಟ್ಟದ ಲೆಕ್ಕ! ಅರ್ಧ ಥೀಸಿಸ್ ನನ್ನದೇ.

ಮಾರ್ಚ್ 5

"ಸರಿ. ಮೂರರ ಕಣ ಒಂದೇ ಹೋಯ್ತು ಅನ್ನು. ಏನಾಗಿ ಬರತ್ತೆ? ಬರೋರಲ್ಲಿ ಮೂರರದ್ದು ಇಲ್ವೇ ಇಲ್ಲ!"

ಹಾಳೆ ಹಿಡಿದು ಕೂತವಳು ಊಟ ಬಿಟ್ಟಳು. ಕೀಟಲೆ ಅತಿಯಾಯಿತೇ...

ಮಾರ್ಚ್ 9

ಸ್ನಾನದಲ್ಲಿದ್ದೆ. ಬಾಗಿಲು ಮುರಿಯುವ ಹಾಗೆ ಬಡಿದಳು.

"ಮೂರರದ್ದು ಹೋದ್ರೆ ಬರೋದು ಐದರ ಕಣದ್ದು ಐದರಲ್ಲಿ ಮೂರು ಪಾಲು, ಸೊನ್ನೆದು ಐದರಲ್ಲಿ ನಾಲ್ಕು ಪಾಲು! ಒಟ್ಟು ಚಾರ್ಜ್ ಮೂರೇ!"

"ಕಣ ಏನು ಇಟ್ಟಿಗೆಯೇನೆ, ಒಡೆದು ಕೊಡೋಕೆ?"

"ಈ ಗೋಡೆ ಹತ್ರ ಹಾಗೇ!"

ಮೈತುಂಬ ಸೋಪಿಟ್ಟುಕೊಂಡು ಮನಸ್ಸಲ್ಲೇ ಒಪ್ಪಿದೆ.

ಮಾರ್ಚ್ 16, ಸಂಜೆ

ವೈವಾ. ಕೊನೇ ಬೆಂಚಿನಲ್ಲಿ ನಾನು, ಇಸ್ತ್ರಿ ಶರ್ಟು. ಬೋಳುತಲೆಯ ಪರೀಕ್ಷಕರು ಕನ್ನಡಕ ಏರಿಸಿ ಕೇಳಿಯೇಬಿಟ್ಟರು — "ಮೂರರ ಕಣ ಒಂದೇ ಬಂದ್ರೆ? ಚಾರ್ಜ್ ಸೋರಿಹೋಗಲ್ವೇನಮ್ಮ?"

"ಸೋರಲ್ಲ!" ಅಂದಿತು ಒಂದು ಗಂಟಲು. ನನ್ನದೇ. ಸಭೆಯೆಲ್ಲ ಹಿಂದೆ ತಿರುಗಿತು. ಯಾರಪ್ಪಾ ಅದು ಅಂತ ನಾನೂ ತಿರುಗಿದೆ.

ಅವಳು ನಗಲಿಲ್ಲ. ಬೋರ್ಡಿಗೆ ಹೋದಳು. ಅದೇ ಪಾಲಿನ ಲೆಕ್ಕ, ಎರಡೇ ಸಾಲು. ಪರೀಕ್ಷಕರು ಪೆನ್ನು ಮುಚ್ಚಿ ಎದ್ದುನಿಂತರು. ಕೈ ಚಾಚಿದರು. "ಬನ್ನಿ, ಡಾಕ್ಟರೇ."

ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ.

"ಪಾಸೋ ಅಲ್ವೋ, ಅಷ್ಟು ಹೇಳೋ!"

"ಕೂತ್ಕೋ ಅಣ್ಣ. ಮೊದಲು ಒಂದು ಗೋಡೆ ಇದೆ ಅಂತ ಇಟ್ಕೋ..."

ಫೋನ್ ಕಿತ್ತುಕೊಂಡು ಅವಳೇ ಹೇಳಿಬಿಟ್ಟಳು. ಈಗ ಅಪ್ಪ ಸ್ಪೀಕರಿನಲ್ಲಿ, ಮಗಳು ಇಲ್ಲಿ, ಇಬ್ಬರೂ ಅಳುತ್ತಿದ್ದಾರೆ. ಅಳಲಿ. ಯಾರ ಹತ್ರ ಪ್ರಾಕ್ಟೀಸ್ ಮಾಡಿದೆ ಅಂತ ಕೇಳುತ್ತಿದ್ದಾನೆ ಅಣ್ಣ. ಅವಳು ನನ್ನ ಕಡೆ ನೋಡಿ ಏನೋ ಹೇಳ— ತಡಿ, ಕೇಳಿಸಿಕೊಂಡು ಬರೆ—