ನಾಲ್ಕು ಲಕ್ಷ ಜನ ಮೆಚ್ಚಿದ ಮರೆವು

ಜಾಲತಾಣದ ಮಾನ್ಯ ಕುಂದುಕೊರತೆ ಅಧಿಕಾರಿಗಳೇ,

ಅಜ್ಜಿ ಮರೆಯಲಿ ಎಂದು ಬಯಸುವುದನ್ನು ನಿಮ್ಮ ಜಾಲತಾಣ ನನ್ನ ಹದಿನಾಲ್ಕು ವರ್ಷದ ಮಗಳಿಗೆ ಕಲಿಸಿದೆ. ಇದೇ ನನ್ನ ದೂರು. ನಿಮ್ಮ ಆ್ಯಪಿನಲ್ಲೇ ಮೂರು ಸಲ ಸಲ್ಲಿಸಿದೆ. ಮೂರು ಸಲವೂ ಒಂದೇ ನಿಮಿಷದಲ್ಲಿ ಉತ್ತರ ಬಂತು: ‘ಈ ವಿಡಿಯೊ ನಮ್ಮ ಮಾನದಂಡಗಳನ್ನು ಉಲ್ಲಂಘಿಸಿಲ್ಲ.’ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ನೋಡಿದವಳು ನಾನು. ಕಡತ ಬಿಚ್ಚದೆಯೇ ತೀರ್ಪು ಬರೆಯುವ ಇಂಥ ದಕ್ಷತೆ ನಮ್ಮಲ್ಲೂ ಇರಲಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಾದರೂ ಮನುಷ್ಯರು ಓದುತ್ತಾರೆ.

ನಮ್ಮದು ಮೈಸೂರು ಕಡೆಯ ಮನೆ. ಹದಿನೆಂಟು ವರ್ಷದಿಂದ ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿದ್ದೇವೆ. ಊರಿಗೆ ಊರೇ ದುರ್ಗಾಪೂಜೆಯ ಪೆಂಡಾಲುಗಳಲ್ಲಿರುವಾಗ ನಾವು ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಸಂಜೆ ಆರತಿಗೆ ಬಂದವರು ಯಾರೇ ಇರಲಿ, ಒಂದು ಹಾಡು ಹೇಳದೆ ಗುಗ್ಗರಿ ಸಿಗುವುದಿಲ್ಲ. ನಾವು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಫ್ಲ್ಯಾಟಿನ ಬಂಗಾಳಿ ಹೆಂಗಸೂ ಹಾಡಿಯೇ ಕೈಚಾಚಬೇಕು. ಮೊದಲ ಹಾಡು ಮಾತ್ರ ನಮ್ಮತ್ತೆ ಲೀಲಮ್ಮನವರದು. ಎಪ್ಪತ್ತೆಂಟು ವಯಸ್ಸು, ಸಣ್ಣ ದನಿ, ಆದರೆ ಶ್ರುತಿ ತಪ್ಪಿದವರಲ್ಲ.

ಹೋದ ನವರಾತ್ರಿಯಲ್ಲಿ ಮಗಳು ಅಕ್ಷರಾ ಆ ಹಾಡಿನ ವಿಡಿಯೊ ಮಾಡಿದಳು. “ಹಾಕೇ, ಮೈಸೂರಿನವ್ರೂ ನೋಡ್ಲಿ” ಎಂದವಳು ನಾನೇ. ನೋಡಿದವರು ಮೂವತ್ತೊಂದು ಜನ, ಅಷ್ಟೂ ನೆಂಟರು. ಮೂರನೇ ದಿನ ಅತ್ತೆ ಹಾಡಿನ ನಡುವೆ ನಿಂತುಬಿಟ್ಟರು. ಸಾಲು ಮರೆತಿತ್ತು. ಗೊಂಬೆಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕಣ್ಣು ತುಂಬಿಕೊಂಡಿತು. ಅಕ್ಷರಾ ಅದನ್ನೂ ಹಾಕಿದಳು. ಮರುದಿನಕ್ಕೆ ನಾಲ್ಕು ಲಕ್ಷ ಜನ ನೋಡಿದ್ದರು. ಮುದ್ದು ಅಜ್ಜಿ ಎಂದವರೆಷ್ಟು, ಹೊಟ್ಟೆ ಹಿಡಿದುಕೊಂಡು ನಕ್ಕವರೆಷ್ಟು. ಹಾಡು ಮೂವತ್ತೊಂದು ಜನಕ್ಕೆ ಸಾಕು, ಮರೆವು ಲಕ್ಷಾಂತರ ಜನಕ್ಕೆ ಬೇಕು ಎಂದು ತೀರ್ಮಾನಿಸಿದವರು ಯಾರು ಸ್ವಾಮಿ? ಯಂತ್ರ ಎನ್ನುತ್ತೀರಿ. ಆ ಯಂತ್ರಕ್ಕೆ ಇಂಥ ರುಚಿ ಹತ್ತಿಸಿದವರು ಯಾರು?

ಆ ಸಂಜೆ ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಅಕ್ಷರಾಳ ಮಾತು ಬಿತ್ತು. “ಅಜ್ಜಿ, ಏಕ್ ಬಾರ್ ಔರ್. ನಿನ್ನೆ ನಿಲ್ಸಿದ್ಯಲ್ಲ, ಅಲ್ಲೇ ಮರ್ತ್‌ಬಿಡು, ಪ್ಲೀಸ್.” ಅತ್ತೆ ಮರೆತರು. ಮಾರನೆಯ ದಿನ ಯಾರೂ ಕೇಳದೆಯೇ ಮರೆತರು. ಮರೆತು, “ಇವತ್ತು ಚೆನ್ನಾಗ್ ಬಂತಾ ಪುಟ್ಟಿ?” ಎಂದು ವಿಚಾರಿಸಿಕೊಂಡರು. ನನ್ನ ಮಗಳು ಕೆಟ್ಟವಳಲ್ಲ. ಅಜ್ಜಿಗೆ ಜ್ವರ ಬಂದರೆ ಶಾಲೆಗೆ ಹೋಗಲೊಲ್ಲೆ ಎಂದು ಹಟ ಹಿಡಿಯುವವಳು. ಯಾವುದನ್ನು ಮೆಚ್ಚುತ್ತಾರೆ ಎಂದು ನೋಡಿ ಕಲಿತಳು, ಮಕ್ಕಳು ಕಲಿಯುವುದೇ ಹಾಗೆ. ನಾವು ಹದಿನಾಲ್ಕು ವರ್ಷ ಹೇಳಿಕೊಟ್ಟದ್ದನ್ನು ನೀವು ಒಂದೇ ದಿನದಲ್ಲಿ ಅಳಿಸಿದಿರಿ. ನಿಮ್ಮನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡಿದ್ದೆವಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಈಗ ಅತ್ತೆ ಗ್ಯಾಸ್ ಆರಿಸಲು ಮರೆಯುತ್ತಾರೆ. ಒಮ್ಮೊಮ್ಮೆ ನನ್ನ ಹೆಸರನ್ನೂ. ಸದರ್ನ್ ಅವೆನ್ಯೂವಿನಲ್ಲಿರುವ ವೈದ್ಯರು ಮರೆವು ಶುರುವಾದದ್ದು ಯಾವಾಗ ಎಂದು ಕೇಳಿದರು. ಯಾವುದು ಕಾಯಿಲೆ, ಯಾವುದು ಮೊಮ್ಮಗಳಿಗಾಗಿ ಆಡಿದ ನಾಟಕ, ನನಗೂ ನನ್ನ ಗಂಡನಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಎಲ್ಲವನ್ನೂ ನಾಟಕವೆಂದುಕೊಂಡು ನಕ್ಕಿದ್ದೆವು. ಸ್ವಲ್ಪ ಮೊದಲೇ ಬರಬೇಕಿತ್ತು ಎಂದು ವೈದ್ಯರು ಔಷಧಿ ಬರೆದುಕೊಟ್ಟರು.

ಅಕ್ಷರಾ ಅತ್ತುಕೊಂಡು ತಾನು ಹಾಕಿದ್ದನ್ನೆಲ್ಲ ಅಳಿಸಿದ್ದಾಳೆ. ಆದರೆ ಯಾರ್ಯಾರೋ ನಕಲು ಮಾಡಿ, ನಗುವಿನ ಸದ್ದು ಸೇರಿಸಿ ಹಾಕಿಕೊಂಡದ್ದು ಇನ್ನೂ ಓಡುತ್ತಿದೆ. ನಿಮ್ಮ ಯಂತ್ರ ಅದನ್ನು ಹುಡುಕಿ ತಂದು ಅವಳಿಗೇ ತೋರಿಸುತ್ತದೆ. ಹದಿನೈದು ದಿನದೊಳಗೆ ಪ್ರತಿಯೊಂದು ನಕಲನ್ನೂ ತೆಗೆಯಿರಿ. ತೆಗೆಯಲಾಗದು ಎಂದಾದರೆ ಕಾರಣವನ್ನು ಒಬ್ಬ ಮನುಷ್ಯ, ತನ್ನ ಹೆಸರು ಹಾಕಿ, ಸಹಿ ಮಾಡಿ ಕಳಿಸಲಿ. ಸಹಿ ಮಾಡುವ ಮುಂಚೆ ಆತ ತನ್ನ ತಾಯಿಯ ಪಕ್ಕದಲ್ಲಿ ಕೂತು ಆ ವಿಡಿಯೊವನ್ನು ಕೊನೆಯವರೆಗೆ ನೋಡಲಿ.

ಇಂತಿ,
ಆ ಮರೆವಿಗೆ ಮೊಟ್ಟಮೊದಲ ಲೈಕ್ ಒತ್ತಿದ ಸೊಸೆ,
ಇಂದುಮತಿ
ಲೇಕ್ ಗಾರ್ಡನ್ಸ್, ಕೋಲ್ಕತ್ತ