ಹಗೇವಿಗೆ ಇಳಿಬಿಟ್ಟ ಬೆಳಕು

ಬೆಟಗೇರಿ
ಶುಕ್ರವಾರ, 14 ನವೆಂಬರ್ 2025

ಮಗಳು ಸಾಯಿಮಾಳಿಗೆ ಅಬ್ಬಾನ ಸಲಾಮು ಮತ್ತು ದುವಾ.

ನಿನ್ನ ಮೊಬೈಲು ಪೊಲೀಸ್ ಠಾಣೆಯಲ್ಲಿದೆ. ಮುಂಡರಗಿಯಲ್ಲಿ ನನ್ನ ತಂಗಿ, ನಿನ್ನ ಫೂಫಿ ಶಮಶಾದಬಿ ತನ್ನ ಫೋನನ್ನು ನಿನ್ನ ಕಿವಿಗೆ ಹಿಡಿದರೂ ನೀನು ಮಾತಾಡುತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಒಳಚರಂಡಿ ವಿಭಾಗದ ಎಂಜಿನಿಯರು. ವರದಿ ಬರೆದು ರೂಢಿ, ಮಗಳಿಗೆ ಕಾಗದ ಬರೆದು ರೂಢಿಯಿಲ್ಲ. ಇದೂ ವರದಿಯಂತೆ ಕಂಡರೆ ಸಹಿಸಿಕೋ.

ಊಟಕ್ಕೆ ಕರೆದಾಗಲೆಲ್ಲ ನೀನು ಒಂದೇ ಮಾತು ಆಡುತ್ತೀಯಂತೆ: "ನಂದೀಶನ್ನ ನಾನ ಕೊಂದೆ." ಈ ಮಾತನ್ನು ಪರೀಕ್ಷಿಸದೆ ಬಿಡುವುದು ನನ್ನಿಂದಾಗದು.

ಕೃಷಿ ಕಾಲೇಜು ಸೇರಿದ ಮೊದಲ ವಾರ ನೀನು ಫೋನಿನಲ್ಲಿ ನಕ್ಕದ್ದು ನೆನಪಿದೆ. ಎರಡು ಎಮ್ಮೆ, ಒಂದು ಸೂಕ್ಷ್ಮದರ್ಶಕ, ಅದೂ ಬೀಗದೊಳಗೆ. ಇಷ್ಟೇ ನಮ್ಮ ಕಾಲೇಜು ಅಬ್ಬಾ ಎಂದಿದ್ದೆ. ಎರೆಮಣ್ಣಿನಲ್ಲಿ ನಿನ್ನ ಬೂಟು ಹೂತಾಗ ಅಡರಕಟ್ಟಿಯ ಹುಡುಗನೊಬ್ಬ, "ಏ ಗದಗ ಮೇಡಂ, ಸಲಿಕಿ ಅಂದ್ರ ಪೆನ್ನಲ್ಲ, ಎರಡೂ ಕೈಲೆ ಹಿಡೀಬೇಕು" ಎಂದು ಅಣಕಿಸಿದನಂತೆ. "ನೀನ ಹಿಡಿ ಲೇ, ನಾ ಬರಕೋತೀನಿ" ಎಂದು ನೀನು ತಿರುಗಿ ಹೇಳಿದೆಯಂತೆ. ಆ ಹುಡುಗನೇ ನಂದೀಶ.

ನಂದೀಶ ಸತ್ತ ದಿನ ನಡೆದುದನ್ನು ನೀನು ಆ ಸಂಜೆ ಹೇಳಿದಂತೆಯೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು. ಕಾಲೇಜಿನ ಹೊಲದಲ್ಲಿ ಹಳೆಯ ಹಗೇವು ಇದೆ. ಬಂದವರಿಗೆ ತೋರಿಸಲೆಂದು ಹೋದ ವರ್ಷ ಆ ನೆಲಗುಳಿಯಲ್ಲಿ ಅರ್ಧದವರೆಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿದ್ದರು. ಧಾನ್ಯ ಸಂಗ್ರಹದ ಪಾಠಕ್ಕಾಗಿ ಅಂದು ಕಲ್ಲು ಸರಿಸಿದರು. ಉಳಿದ ವಿದ್ಯಾರ್ಥಿಗಳೆಲ್ಲ ಸೂರ್ಯಕಾಂತಿ ಹೊಲದಲ್ಲಿದ್ದರು. ಹಗೇವಿನ ಬಳಿ ಇದ್ದವರು ಉಪನ್ಯಾಸಕ ವೀರು, ಹೊಲದ ಆಳು ಮೂಕಪ್ಪ, ನಂದೀಶ ಮತ್ತು ನೀನು.

ಮುಚ್ಚಿದ್ದ ಹಗೇವಿಗೆ ದೀಪ ಇಳಿಬಿಟ್ಟು ನೋಡದೆ ಯಾರೂ ಇಳಿಯುವುದಿಲ್ಲ. ದೀಪ ಆರಿದರೆ ಇಳಿಯುವಂತಿಲ್ಲ. ನಮ್ಮ ಕಡೆಯ ವಾಡಿಕೆ ಇದು. ಮೂಕಪ್ಪ ಕಂದೀಲು ತಂದ. ಅದರಲ್ಲಿ ಎಣ್ಣೆಯಿರಲಿಲ್ಲ, ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣೆ ಕೊಡುವುದು ನಿಂತು ಎಷ್ಟೋ ಕಾಲವಾಗಿದೆ. ಆಗ ವೀರು, "ಮೊಬೈಲ್ ಬ್ಯಾಟರಿ ಬಿಡ್ರಿ, ಅದೂ ದೀಪನ ಅಲ್ಲೇನು" ಎಂದ. ನಿನ್ನ ಮೊಬೈಲು ಹೊಸದು. ಅದರ ಟಾರ್ಚು ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, "ಬೆಳಕು ಹಂಗ ಐತ್ರಿ ಸರ್, ಕಾಳು ಸುದ್ದಾ ಕಾಣಸ್ತಾವ" ಎಂದು ನೀನು ಕೂಗಿದೆ. ಮೂಕಪ್ಪನೂ ಬಗ್ಗಿ ನೋಡಿ, "ಆರಿಲ್ಲ, ಇಳೀಲಿ ಬಿಡ್ರಿ" ಎಂದ. "ಇಳಿ ನಂದೀಶ, ಒಂದು ಹಿಡಿ ಕಾಳು ತಾ" ಎಂದು ವೀರು ಹೇಳಿದ. ನಂದೀಶ ಇಳಿದು, ಜೋಳಕ್ಕೆ ಕೈಹಾಕಿ, ದಣಿದವನಂತೆ ಕುಳಿತ. ಮತ್ತೆ ಏಳಲಿಲ್ಲ. ಅವನ ಪಕ್ಕದಲ್ಲಿ ನಿನ್ನ ಮೊಬೈಲು ಬೆಳಗುತ್ತಲೇ ಇತ್ತು.

ಧಾನ್ಯವೂ ಉಸಿರಾಡುತ್ತದೆ, ಸಾಯಿಮಾ. ಮುಚ್ಚಿದ ಗುಳಿಯಲ್ಲಿ ಅದು ಪ್ರಾಣವಾಯುವನ್ನು ಮುಗಿಸಿ, ಭಾರವಾದ ಕೆಟ್ಟ ಗಾಳಿಯನ್ನು ತಳದಲ್ಲಿ ತುಂಬುತ್ತದೆ. ಬತ್ತಿಗೂ ಮನುಷ್ಯನಿಗೂ ಬೇಕಾದ ಗಾಳಿ ಒಂದೇ ಆದುದರಿಂದ ದೀಪ ಆರಿ ನಮ್ಮನ್ನು ಎಚ್ಚರಿಸುತ್ತದೆ. ಮೊಬೈಲಿಗೆ ಗಾಳಿ ಬೇಡ. ನೀವೆಲ್ಲ ವಾಡಿಕೆಯನ್ನು ಪಾಲಿಸಿದಿರಿ. ಅದು ಏಕೆ ಇದೆಯೆಂದು ಒಬ್ಬರೂ ಕೇಳಲಿಲ್ಲ. ಅದನ್ನು ತಿಳಿದು ತಿಳಿಸಬೇಕಾದವನು ಕಲಿಸುವವನು, ಹೊಸದಾಗಿ ಸೇರಿದ ಹುಡುಗಿಯಲ್ಲ. ಆದರೆ ಹಗ್ಗ ಹಿಡಿದದ್ದು ನಿನ್ನ ಕೈ. ಅದು ಸುಳ್ಳೆಂದು ನಾನು ಹೇಳಲಾರೆ.

ಬುಧವಾರ ಕಾಲೇಜಿನ ಕಾರ್ಯದರ್ಶಿ ನಿಜಲಿಂಗಪ್ಪನವರು ಮನೆಗೆ ಬಂದಿದ್ದರು. "ಇಸಾಕ ಸಾಹೇಬ್ರ, ನಿಮ್ಮ ಹುಡುಗಿ ಸೂರ್ಯಕಾಂತಿ ಹೊಲದಾಗಿದ್ಲು. ಹುಡುಗ ರೀಲ್ಸ್ ಮಾಡಾಕ ಆಕಿ ಮೊಬೈಲ್ ಇಸಕೊಂಡು, ಯಾರಿಗೂ ಹೇಳದ ಇಳದ. ಠಾಣ್ಯಾಗ ಆಕಿ ಇಷ್ಟ ಅಂದ್ರ ಆತು, ಆಕಿ ಓದು ನಾವು ನೋಡಕೋತೀವಿ" ಎಂದರು. ಎದ್ದು ನಿಂತು ಇನ್ನೊಂದು ಮಾತು ಸೇರಿಸಿದರು: "ಸತ್ತಾಂವ ನಮ್ಮ ಹುಡುಗ, ಹಗ್ಗ ಹಿಡದಾಕಿ ನಿಮ್ಮ ಹುಡುಗಿ. ಮಂದಿ ಇದಕ್ಕ ಬ್ಯಾರೆ ಬಣ್ಣ ಹಚ್ಚಾಕ ಎಷ್ಟೊತ್ತು ಬೇಕ್ರಿ?" ಒಳಗಿನಿಂದ ನಿನ್ನ ಅಮ್ಮಿ, "ಅವರು ಹೇಳೂದು ಖರೆ ಐತ್ರಿ, ಹುಡುಗಿ ಬಾಳೇ ಉಳೀಲಿ" ಎಂದಳು. ನಾನು ಆಗುವುದಿಲ್ಲ ಎನ್ನಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಒಂದಿಷ್ಟು ಹೊತ್ತು ನನಗೆ ಸಮಾಧಾನವೂ ಆಯಿತು.

ಮಂಗಳವಾರ ಲಕ್ಷ್ಮೇಶ್ವರದ ಠಾಣೆಯಲ್ಲಿ ನಿನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ವೀರು ಈಗಾಗಲೇ ಕಾಲೇಜಿನ ಮಾತನ್ನೇ ಹೇಳಿದ್ದಾನೆ. ಮೂಕಪ್ಪ ಬಾಯಿ ಬಿಡುತ್ತಿಲ್ಲ; ಅವನ ಅನ್ನ ಅಲ್ಲಿದೆ. ಉಳಿದವಳು ನೀನೊಬ್ಬಳು. ನಿಜ ಹೇಳಿದರೆ ಆ ಕಾಲೇಜಿನಲ್ಲಿ ನಿನ್ನ ಓದು ಮುಗಿದಂತೆ. ಹಗ್ಗದ ಮಾತು ಎಲ್ಲರಿಗೂ ತಿಳಿಯುತ್ತದೆ. ನಿಜಲಿಂಗಪ್ಪನವರು ಹೇಳಿದ ಬಣ್ಣವನ್ನು ಯಾರಾದರೂ ಹಚ್ಚಬಹುದು. ಹೇಳದಿದ್ದರೆ ಇವು ಯಾವುವೂ ಆಗಲಾರವು. ನಂದೀಶ ಮಾತ್ರ ತನ್ನ ಹುಚ್ಚಾಟಕ್ಕೆ ತಾನೇ ಸತ್ತವನಾಗುತ್ತಾನೆ. ಮುಂದಿನ ವರ್ಷ ಅದೇ ಹಗೇವಿನ ಬಳಿ ಹೊಸ ಹುಡುಗರು ಬಂದು ನಿಲ್ಲುತ್ತಾರೆ.

ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಆ ನಿರ್ಧಾರ ನಿನ್ನದು. ಠಾಣೆಯಲ್ಲಿ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಅಲ್ಲಿಯವರೆಗೆ ಫೂಫಿ ಬಡಿಸಿದಷ್ಟನ್ನು ಉಣ್ಣು.

ನಿನ್ನ ಅಬ್ಬಾ,
ಇಸಾಕ

ಸಹಿಯ ಕೆಳಗೆ ಇನ್ನೊಂದು ಮಾತು: ನಿನ್ನೆ ಅಡರಕಟ್ಟಿಗೆ ಹೋಗಿದ್ದೆ. ಬೆಳಕು ಇಳಿಬಿಟ್ಟವಳು ನನ್ನ ಮಗಳೆಂದು ನಂದೀಶನ ತಾಯಿ ಗದಿಗೆವ್ವನಿಗೆ ಹೇಳಿದೆ. ನಿನ್ನನ್ನು ಕೇಳದೆಯೇ ಹೇಳಿದೆ. ಆಕೆ ಹೇಳಿದ್ದು ಇದು: "ಆಕೀನ್ನ ನನ್ನ ಮುಂದ ತರಬ್ಯಾಡ್ರಿ, ನನ್ನ ಕೈಲೆ ನೋಡಾಕ ಆಗಂಗಿಲ್ಲ. ಆದ್ರ ನನ್ನ ಮಗ ಮೊಬೈಲ್ ಹುಚ್ಚಿಗೆ ಸತ್ತ ಅಂತ ಊರೆಲ್ಲಾ ಅನ್ನಾಕತ್ತೈತಿ. ಸರ್ ಹೇಳ್ಯಾರಂತ ಇಳದ, ಹೌದಿಲ್ರಿ? ಅಷ್ಟು ಆಕಿ ಬಾಯಿಲೆ ಹೇಳಸ್ರಿ." ನಿರ್ಧಾರ ನಿನ್ನದು ಎಂದು ಮೇಲೆ ಬರೆದ ನಾನೇ, ಹೇಳಿಸುತ್ತೇನೆ ಎಂದು ಆಕೆಗೆ ಮಾತು ಕೊಟ್ಟು ಬಂದಿದ್ದೇನೆ.