ಮೂರನೇ ಹಾಡಿನ ಗೀರು

ಅಧಿಕ ಜುಲೈ ೩೨, ಕ್ರಿ.ಶ. ೨೩೪೧
ಕೋಲಾರದ ಕೆಳಪೇಟೆ

ರಾಬರ್ಟ್‌ಸನ್‌ಪೇಟೆಯ ಅರುಳ್‌ದಾಸ್ ಅವರಿಗೆ ನೆಲದಡಿಯ ಬೈಚಪ್ಪ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ಸಾರ್. ಬೇಸಿಗೆ ಮುಗಿಯದ ವರ್ಷ ನಾವು ಜುಲೈಗೆ ಇನ್ನೊಂದು ಜುಲೈ ಸೇರಿಸಿ ಎಣಿಕೆ ಮುಂದುವರಿಸುತ್ತೇವೆ. ನನ್ನ ಮಾತು ಒರಟೆನಿಸಿದರೆ ಮನ್ನಿಸಿ, ನಿಮ್ಮ ಕಾಲದ ಕನ್ನಡವನ್ನು ಬೋರ್ಡುಗಳ ಮೇಲೆ, ಡಬ್ಬಿಗಳ ಮೇಲೆ ಓದಿ ಕಲಿತವನು ನಾನು. ಈ ಕಾಗದ ನಿಮಗೆ ಹೇಗೆ ತಲುಪೀತೋ ದೇವರೇ ಬಲ್ಲ. ಬರೆಯದೆ ಇರಲು ಮಾತ್ರ ಆಗಲಿಲ್ಲ.

ಮೇಲಿನ ಬಿಸಿಲು ಮನುಷ್ಯರನ್ನು ಬಾಳಿಸುವುದಿಲ್ಲ. ನಿಮ್ಮವರು ಚಿನ್ನ ತೋಡಿ ಬಿಟ್ಟ ಸುರಂಗಗಳಲ್ಲೇ ನಮ್ಮ ಸಂಸಾರ. ಗಟ್ಟಿಯಾಗಿ ಕೂಗಿದರೆ ತಲೆಯ ಮೇಲಿನ ಕಲ್ಲು ಉದುರುತ್ತದೆ, ಹಾಗಾಗಿ ಎಲ್ಲರಿಗೂ ಮೆಲ್ದನಿ ಕಡ್ಡಾಯ. ಮೆಲ್ದನಿ ಎಂದರೆ ಪಿಸುಮಾತಿಗಿಂತ ಮೇಲೆ ದನಿ ಎತ್ತಬಾರದೆಂಬ ಕಟ್ಟಳೆ. ಮದುವೆಗಳಲ್ಲಿ ವಾಲಗದವರು ಊದದೆ ಬರೀ ಬೆರಳಾಡಿಸುತ್ತಾರೆ, ನಾವು ತಲೆದೂಗುತ್ತೇವೆ. ಜಗಳಕ್ಕೇ ಕಷ್ಟ. ಪಿಸುಗುಟ್ಟಿ ಬೈದರೆ ಬೈದ ಹಾಗೇ ಆಗುವುದಿಲ್ಲ, ಹೊಟ್ಟೆಯೊಳಗಿನದು ಹೊಟ್ಟೆಯಲ್ಲೇ ಉಳಿಯುತ್ತದೆ.

ಇಂಥ ಊರಿಗೆ ನಿಮ್ಮ ಹಾಡಿನ ಕಪ್ಪು ತಟ್ಟೆ ಸಿಕ್ಕಿತು. ಹೊದಿಕೆಯ ಮೇಲೆ ಉದ್ದ ಕೂದಲಿನ ನಾಲ್ವರು. ಇವರು ಯಾವ ಮಠದವರು ಎಂದು ನಮ್ಮ ಅಜ್ಜಂದಿರು ವರ್ಷಗಟ್ಟಲೆ ವಾದ ಮಾಡಿದ್ದಾರಂತೆ! ಹಿಂಬದಿಯಲ್ಲಿ ನಿಮ್ಮ ಹೆಸರು, ೧೯೭೪ ಎಂಬ ಇಸವಿ, ‘ಯಾರೂ ಕೇಳಬೇಡಿ, ಕೊಡುವುದಿಲ್ಲ’ ಎಂಬ ನಿಮ್ಮ ಕೈಬರಹ. ಅದರ ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಸಾಲು: ಜೋರಾಗಿ ಹಾಕಿ ಕೇಳಿ. ಅದನ್ನು ಓದಿದಾಗಲೆಲ್ಲ ನನಗೆ ಅಳು ಬರುತ್ತದೆ.

ನಾವು ಅದನ್ನು ಹಲ್ಲಿನಿಂದ ಕೇಳುತ್ತೇವೆ. ಸೂಜಿಗೆ ಬಿಗಿದ ಬಿದಿರುಕಡ್ಡಿಗೆ ಹಲ್ಲುಕೇಳಿ ಎಂದು ಹೆಸರು. ಒಬ್ಬರು ತಟ್ಟೆ ತಿರುಗಿಸಬೇಕು, ಒಬ್ಬರು ಕಡ್ಡಿ ಕಚ್ಚಬೇಕು. ಡ್ರಮ್ಮು ದವಡೆಯಲ್ಲಿ ಕುಣಿಯುತ್ತದೆ, ದಪ್ಪ ತಂತಿಯ ಗಿಟಾರು ಬೆನ್ನುಹುರಿಯಲ್ಲಿ ಇಳಿಯುತ್ತದೆ. ಹಾಡುವವನು ಕಿರುಚಿದಾಗ ಕಣ್ಣಲ್ಲಿ ನೀರು. ಅಯ್ಯೋ, ಅವನೆಷ್ಟು ಕೂಗುತ್ತಾನೆ ಸಾರ್, ನಮ್ಮೆಲ್ಲರ ಪಾಲಿನದನ್ನೂ ಕೂಗುತ್ತಾನೆ! ಮೂರನೇ ಹಾಡಿನಲ್ಲಿ ಇನ್ನೊಂದು ಗಿಟಾರು ಒಂಟಿಯಾಗಿ ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ. ಇನ್ನೇನು ತುದಿ ಮುಟ್ಟಬೇಕು, ಅಲ್ಲೊಂದು ಗೀರು. ಸೂಜಿ ಜಿಗಿದು ಹಾಡಿನ ಕೊನೆಗೇ ಬೀಳುತ್ತದೆ.

ನನ್ನನ್ನು ಸಾಕಿದವಳು ದೊಡ್ಡಮ್ಮ ಚೌಡಕ್ಕ. ತುದಿಯಲ್ಲಿ ಏನಿದೆ ಎಂದು ತಿಳಿಯದೆ ತನ್ನ ಜೀವ ಹೋಗದು ಎನ್ನುತ್ತಾಳೆ. ಆ ಗೀರಿಗೆ ಎಣ್ಣೆ ಹಚ್ಚಿ ನೋಡಿದೆ, ಸೂಜಿ ಬದಲಿಸಿ ನೋಡಿದೆ, ಏನೂ ನಡೆಯಲಿಲ್ಲ. ತಟ್ಟೆಯೂ ಸವೆದಿದೆ. ವರ್ಷಕ್ಕೊಮ್ಮೆ ಮಾತ್ರ ಹಾಕುತ್ತಿದ್ದೆವು, ಈಗಷ್ಟೇ ಹಾಕಿದ್ದೇ ಕೊನೆಯದು. ಅವಳಿಗೀಗ ಕಚ್ಚಲು ಹಲ್ಲೂ ಇಲ್ಲ. ಅದಕ್ಕೆ ನಾನು ಕಡ್ಡಿ ಕಚ್ಚಿದೆ, ಅವಳು ನನ್ನ ಕೆನ್ನೆಗೆ ಅಂಗೈ ಒತ್ತಿ ಕೇಳಿದಳು. ಗಿಟಾರು ಏರಿತು. ಸೂಜಿ ಜಿಗಿಯಿತು. ಏನಾಯಿತೋ ಮಗಾ ಅಲ್ಲಿ ಎಂದು ಅವಳು ಕೇಳಿದಳು.

ಗೀರು ಹೇಗೆ ಬಿತ್ತೆಂದು ನಾನು ವಿಚಾರಿಸುತ್ತಿಲ್ಲ. ಬಿದ್ದದ್ದು ಬಿದ್ದಿದೆ, ನೀವು ಉತ್ತರ ಬರೆದರೂ ಅದು ನನಗೆ ಮುಟ್ಟುವುದಿಲ್ಲ. ಕೇಳಿಕೊಳ್ಳುವುದು ಇಷ್ಟೇ. ತಟ್ಟೆ ಇನ್ನೂ ಹೊಸದಿರುವಾಗ ಒಂದು ದಿನ ಕಿಟಕಿಗಳನ್ನೆಲ್ಲ ತೆರೆದು ಮೂರನೇ ಹಾಡು ಹಾಕಿ. ಪಕ್ಕದ ಮನೆಯವರು ಬೈಯಲಿ, ಬೀದಿಯವರು ಬಂದು ಬಾಗಿಲು ಬಡಿಯಲಿ. ಗಿಟಾರು ತುದಿ ಮುಟ್ಟುವ ತನಕ ಏಳಬೇಡಿ.

ಚೌಡಕ್ಕ ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತು. ಜೋರಾಗಿ ಹಾಕಿ, ಸಾರ್. ನನ್ನ ಕೆನ್ನೆಯಿಂದ ಅವಳಿನ್ನೂ ಕೈ ತೆಗೆದಿಲ್ಲ.